ಅಜ್ಜಿ ಕೇಳಿದ ಒಂದು ತಂಬಿಗೆ ನೀರು

ಹೋದ ಭಾನುವಾರ ರಾತ್ರಿ ಮಲಗುವ ಹೊತ್ತಿಗೆ ಮಗಳು ಕೇಳಿದಳು, "ಅಮ್ಮಾ, ಮುತ್ತಜ್ಜಿ ಚರ್ಚಿಗೆ ಬರ್ತಿರಲಿಲ್ಲ ಅಲ್ವಾ? ಹಾಗಾದ್ರೆ ಅವರು ನರಕಕ್ಕೆ ಹೋಗಿದ್ದಾರಾ?"

ಅವಳಿಗೆ ಎಂಟು ವರ್ಷ. ಸಂಡೇ ಸ್ಕೂಲಿನಲ್ಲಿ ಯಾರೋ ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದಳು. ಆಫೀಸಿನ ಮೀಟಿಂಗಿನಲ್ಲಿ ಯಾವ ಪ್ರಶ್ನೆಗೂ ತಡವರಿಸದ ನಾನು, "ನಾಳೆ ಹೇಳ್ತೀನಿ, ಮಲ್ಕೋ" ಅಂತ ಲೈಟ್ ಆರಿಸಿಬಿಟ್ಟೆ. ಆಮೇಲೆ ನನಗೇ ನಿದ್ದೆ ಬರಲಿಲ್ಲ. ಯಾಕೆಂದರೆ ಈ ಪ್ರಶ್ನೆ ನನ್ನದೇ. ಸುಮಾರು ಮೂವತ್ತು ವರ್ಷ ಹಳೆಯದು.

ನಾನು ಬೆಳೆದದ್ದು ಧಾರವಾಡದಲ್ಲಿ. ಅಪ್ಪನದು ಕ್ರೈಸ್ತ ಮನೆತನ, ಅಮ್ಮನದು ಹಿಂದೂ ಮನೆತನ. ಇಬ್ಬರೂ ನೌಕರಿಗೆ ಹೋಗುತ್ತಿದ್ದುದರಿಂದ ನನ್ನನ್ನು ಸಾಕಿದ್ದು ಅಮ್ಮನ ತಾಯಿ. ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ಕಾಣಿಕೆಗೆಂದು ಎಂಟಾಣೆ ಕೈಯಲ್ಲಿಟ್ಟು ಚರ್ಚಿಗೆ ಕಳಿಸುತ್ತಿದ್ದವಳೂ ಅವಳೇ. ತಾನು ಮಾತ್ರ ಗೇಟಿನ ಹೊರಗೆ ನಿಲ್ಲುತ್ತಿದ್ದಳು.

ಒಂಬತ್ತು ವರ್ಷದವಳಿದ್ದಾಗ ಒಂದಿನ ಅಳುತ್ತಾ ಬಂದೆ. "ಅಜ್ಜಿ, ನೀ ಯೇಸುವನ್ನ ನಂಬದಿದ್ರ ನರಕಕ್ಕ ಹೋಗ್ತಿ ಅಂತ. ಅಲ್ಲಿ ಬೆಂಕಿ ಆರೋದೇ ಇಲ್ಲಂತ." ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ನಕ್ಕಳು. "ಹೋಗ್ಲಿ ಬಿಡವ್ವಾ. ನೀ ಅಂತೂ ಸ್ವರ್ಗದಾಗ ಇರ್ತಿ ಅಲ್ಲ? ನೀರಡಿಸಿದಾಗ ಕೂಗ್ತೀನಿ. ಮ್ಯಾಲಿಂದ ಒಂದು ತಂಬಿಗಿ ನೀರು ಕೊಡು."

ಅವಳಿಗೆ ಬೈಬಲ್ ಗೊತ್ತಿರಲಿಲ್ಲ. ಆದರೆ ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಇಂಥದ್ದೇ ಒಂದು ಕಥೆ ಇದೆ. ಸತ್ತು ಬೆಂಕಿಯಲ್ಲಿ ಬಿದ್ದ ಶ್ರೀಮಂತನೊಬ್ಬ ಮೇಲಿದ್ದವರ ಹತ್ತಿರ ಬೆರಳ ತುದಿಯಷ್ಟು ನೀರು ಕೇಳುತ್ತಾನೆ. ನಡುವೆ ದಾಟಲಾಗದ ಕಂದರ. ನೀರು ಸಿಗುವುದಿಲ್ಲ.

ದೇವರು ಪ್ರೀತಿಸ್ವರೂಪಿ ಎಂದು ಹೇಳಿಕೊಟ್ಟ ಬಾಯಲ್ಲೇ ಮುಗಿಯದ ಶಿಕ್ಷೆಯ ಮಾತೂ ಬಂದರೆ ಎರಡನ್ನೂ ಹೇಗೆ ನಂಬುವುದು? ಎಪ್ಪತ್ತು ಎಂಬತ್ತು ವರ್ಷದ ಬಾಳಿನ ತಪ್ಪಿಗೆ ಕೊನೆಯೇ ಇಲ್ಲದ ದಂಡನೆ ಯಾವ ಲೆಕ್ಕ?

ನರಕ ಎಂಬ ಪದದಿಂದಲೇ ಶುರು ಮಾಡೋಣ. ನಮ್ಮ ಕನ್ನಡ ಬೈಬಲಿನಲ್ಲಿ 'ನರಕ' ಅಂತ ಇರುವ ಕಡೆ ಗ್ರೀಕ್ ಮೂಲದಲ್ಲಿ ಹೆಚ್ಚಾಗಿ ಇರುವುದು 'ಗೆಹೆನ್ನಾ'. ಅದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಹಿಂದೊಂದು ಕಾಲದಲ್ಲಿ ಅಲ್ಲಿ ಜನ ತಮ್ಮ ಮಕ್ಕಳನ್ನೇ ಬೆಂಕಿಗೆ ಬಲಿ ಕೊಟ್ಟರು ಎಂದು ಹಳೆ ಒಡಂಬಡಿಕೆ ಹೇಳುತ್ತದೆ. ಅದನ್ನು ಖಂಡಿಸುವ ಯೆರೆಮೀಯ ಪ್ರವಾದಿಯ ಬಾಯಲ್ಲಿ ದೇವರು ಹೇಳುವುದೇನು ಗೊತ್ತಾ? ಇಂಥದ್ದನ್ನು ಮಾಡಿ ಅಂತ ನಾನು ಹೇಳಿಲ್ಲ, ನನ್ನ ಮನಸ್ಸಿಗೂ ಇದು ಬಂದಿರಲಿಲ್ಲ ಅಂತ. ಮಕ್ಕಳನ್ನು ಸುಡುವುದು ಮನಸ್ಸಿಗೂ ಬಾರದ ದೇವರು ತನ್ನ ಮಕ್ಕಳನ್ನು ಯುಗಯುಗ ಸುಡುತ್ತಾನೆಯೇ? ಈ ಜಾಗಕ್ಕೆ ಬಂದಾಗಲೆಲ್ಲ ನಾನು ನಿಂತುಬಿಡುತ್ತೇನೆ.

ನಮ್ಮ ಪುರಾಣಗಳ ನರಕಕ್ಕೆ ಸಾಮಾನ್ಯವಾಗಿ ಅವಧಿ ಇರುತ್ತದೆ, ಪಾಪ ತೀರಿದರೆ ಬಿಡುಗಡೆ. ಆದರೆ ಎಂದಿಗೂ ಮುಗಿಯದ ನರಕದ ಕಲ್ಪನೆ ಕ್ರೈಸ್ತರದ್ದು ಮಾತ್ರ ಅಂತ ತಿಳಿಯಬೇಡಿ. ಉಡುಪಿಯ ಮಧ್ವಾಚಾರ್ಯರ ದ್ವೈತದಲ್ಲೂ ಅಂಧತಮಸ್ಸಿಗೆ ಸೇರಿ ಮರಳಿ ಬಾರದ ಜೀವರಿದ್ದಾರೆ.

ಚರ್ಚಿನೊಳಗೂ ಮೊದಲಿನಿಂದಲೂ ಒಂದೇ ಮಾತಿರಲಿಲ್ಲ. ಮೂರನೇ ಶತಮಾನದ ಅಲೆಕ್ಸಾಂಡ್ರಿಯಾದ ಒರಿಜೆನ್, ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ, ಇವರಿಗೆ ದೇವರ ಬೆಂಕಿ ಎಂದರೆ ಅಕ್ಕಸಾಲಿಗನ ಬೆಂಕಿ. ಕಲ್ಮಶ ಸುಟ್ಟು ಚಿನ್ನ ಉಳಿಸುವಂಥದ್ದು. ಕೊನೆಗೆ ಎಲ್ಲರೂ ದೇವರ ಬಳಿ ಮರಳುತ್ತಾರೆ ಅನ್ನುವುದು ಅವರ ನಂಬಿಕೆ.

ಅಗಸ್ಟೀನ್ ಒಪ್ಪಲಿಲ್ಲ. ಮತ್ತಾಯನ 25ನೇ ಅಧ್ಯಾಯದಲ್ಲಿ ಶಿಕ್ಷೆಗೂ ಜೀವಕ್ಕೂ 'ನಿತ್ಯ' ಎಂಬ ಒಂದೇ ಪದವಿದೆ. ನಿತ್ಯಜೀವ ಮುಗಿಯದ್ದಾದರೆ ಶಿಕ್ಷೆ ಹೇಗೆ ಮುಗಿದೀತು ಅಂತ ಕೇಳಿದರು. ಸುಲಭಕ್ಕೆ ತಳ್ಳಿಹಾಕುವ ವಾದ ಅಲ್ಲ. ಆ ಗ್ರೀಕ್ ಪದದ ಬೇರು 'ಯುಗ' ಎಂಬ ಅರ್ಥದ್ದು, ಹಾಗಾಗಿ 'ಬರುವ ಯುಗದ ಶಿಕ್ಷೆ' ಅಂತಲೂ ಓದಬಹುದು ಅನ್ನುವ ವಿದ್ವಾಂಸರೂ ಇದ್ದಾರೆ. ಪಶ್ಚಿಮದ ಚರ್ಚುಗಳಲ್ಲಿ ಮಾತ್ರ ಅಗಸ್ಟೀನರ ಮಾತೇ ನಿಂತಿತು. ನಮ್ಮ ಸಂಡೇ ಸ್ಕೂಲಿಗೂ ಬಂದದ್ದು ಅದೇ.

ಹಾಗಂತ ನರಕವೇ ಸುಳ್ಳು ಅಂತ ಕೈ ತೊಳೆದುಕೊಳ್ಳಲು ನನಗೆ ಆಗುತ್ತಿಲ್ಲ. ಬೆಳಿಗ್ಗೆ ಫೋನ್ ತೆರೆದರೆ ಎಂಥೆಂಥ ಸುದ್ದಿ ಓದುತ್ತೇವೆ. ಒಂದು ಮಗುವನ್ನು ಹಿಂಸಿಸಿದವನಿಗೆ ದೇವರು "ಇರಲಿ ಬಿಡಪ್ಪ" ಅಂದರೆ, ಅದು ಆ ಮಗುವಿನ ಮೇಲಿನ ಪ್ರೀತಿ ಹೇಗಾದೀತು? ಪ್ರೀತಿಗೆ ಸಿಟ್ಟು ಬರಲೇಬೇಕು. ಇನ್ನೊಂದು ಮಾತನ್ನು ಸಿ. ಎಸ್. ಲೂಯಿಸ್ ಹೇಳಿದ್ದರು: ನರಕದ ಬಾಗಿಲಿಗೆ ಚಿಲಕ ಇರುವುದು ಒಳಗಡೆಯಿಂದ. ಬಲವಂತವಾಗಿ ಎಳೆದು ತಂದರೆ ಅದು ಪ್ರೀತಿಯಲ್ಲ, ಅದಕ್ಕೇ ದೇವರು ಹೊರಗೆ ಕಾಯುತ್ತಾನೆ ಅನ್ನುವುದು ಇದರ ತಾತ್ಪರ್ಯ. ನನಗೆ ಒಪ್ಪಿಗೆ. ಆದರೆ ಒಳಗಿರುವವನು ಎಂದಾದರೂ ಚಿಲಕ ತೆಗೆದರೆ? ಆಗಲೂ "ಟೈಮ್ ಆಯ್ತು" ಅನ್ನುವ ದೇವರನ್ನು ನನ್ನಿಂದ ಊಹಿಸಲು ಆಗುವುದಿಲ್ಲ.

ಇನ್ನು ನನ್ನ ಅಜ್ಜಿಯಂಥವರ ಕಥೆ ಏನು? ಆಫೀಸಿನಲ್ಲಿ ಮಂಗಳೂರಿನ ಕ್ಯಾಥೊಲಿಕ್ ಗೆಳತಿಯೊಬ್ಬಳಿದ್ದಾಳೆ. ಊಟದ ಹೊತ್ತಿನಲ್ಲಿ ಅವಳ ಹತ್ತಿರ ಕೇಳಿದೆ. ಅವರ ಚರ್ಚಿನ ಎರಡನೇ ವ್ಯಾಟಿಕನ್ ಸಭೆ 1964ರಲ್ಲೇ ಹೇಳಿದೆಯಂತೆ: ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತಾ ಆತ್ಮಸಾಕ್ಷಿಯಂತೆ ಬಾಳಿದರೆ ಅವರಿಗೂ ರಕ್ಷಣೆ ಸಾಧ್ಯ. ಕೇಳಿ ಎದೆ ಸ್ವಲ್ಪ ಹಗುರಾಯಿತು.

ಆ ರಾತ್ರಿ ಬೈಬಲನ್ನು ಮತ್ತೆ ತೆರೆದೆ. ನನ್ನನ್ನು ಬಾಲ್ಯದಿಂದ ಹೆದರಿಸಿದ ಎರಡೂ ಅಧ್ಯಾಯಗಳನ್ನು ಓದಿದೆ. ಆಶ್ಚರ್ಯ! ಲೂಕನ ಆ ಶ್ರೀಮಂತ ಏನು ನಂಬಿದ್ದ, ಏನು ನಂಬಿರಲಿಲ್ಲ ಅಂತ ಕಥೆಯ ಶುರುವಿನಲ್ಲಿ ಒಂದು ಮಾತೂ ಇಲ್ಲ. ಇರುವುದಿಷ್ಟೇ: ಅವನು ದಿನವೂ ಹಬ್ಬದೂಟ ಮಾಡಿದ, ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಭಿಕ್ಷುಕ ಹಸಿದೇ ಇದ್ದ. ಮತ್ತಾಯನ 25ರಲ್ಲೂ ರಾಜ ಕೇಳುವ ಪ್ರಶ್ನೆ ಹಸಿದವರಿಗೆ ಅನ್ನ ಕೊಟ್ಟಿರಾ, ಬಾಯಾರಿದವರಿಗೆ ನೀರು ಕೊಟ್ಟಿರಾ ಅಂತ.

ನನ್ನ ಅಜ್ಜಿ ಬಾಗಿಲಿಗೆ ಬಂದ ಪೋಸ್ಟ್‌ಮ್ಯಾನ್‌ಗೂ ಬೆಲ್ಲ, ನೀರು ಕೊಡದೆ ಕಳಿಸಿದವಳಲ್ಲ. ಆ ಎರಡು ಅಧ್ಯಾಯಗಳಿಗೆ ಅಜ್ಜಿ ಹೆದರಬೇಕಾಗಿರಲಿಲ್ಲ. ಗೇಟೆಡ್ ಅಪಾರ್ಟ್‌ಮೆಂಟಿನಲ್ಲಿ ಕೂತು, ಡೆಲಿವರಿ ಹುಡುಗನ ಮುಖ ನೋಡದೆ ಪಾರ್ಸೆಲ್ ತೆಗೆದುಕೊಳ್ಳುವ ನಾನು ಹೆದರಬೇಕು.

ಮಹಾಭಾರತದ ಕೊನೆಯಲ್ಲಿ ಧರ್ಮರಾಯ ಸ್ವರ್ಗಕ್ಕೆ ಹೋಗುತ್ತಾನೆ. ತಮ್ಮಂದಿರ ದನಿ ನರಕದಿಂದ ಕೇಳಿದಾಗ ಇಲ್ಲೇ ಇರ್ತೀನಿ, ವಾಪಸ್ ಬರಲ್ಲ ಅಂತ ನಿಂತುಬಿಡುತ್ತಾನೆ. ಅಜ್ಜಿಯೇ ಚಿಕ್ಕಂದಿನಲ್ಲಿ ಹೇಳಿದ ಕಥೆ ಇದು. ಒಬ್ಬ ಅಣ್ಣನಿಗೇ ಅಷ್ಟು ಪ್ರೀತಿ ಇದ್ದರೆ, ಶಿಲುಬೆಯ ತನಕ ಹೋದವನಿಗೆ ಎಷ್ಟಿರಬೇಡ? ಎಲ್ಲರೂ ಉಳಿಯುತ್ತಾರೆ ಅಂತ ಬರೆದುಕೊಡಲು ನನಗೆ ಅಧಿಕಾರವಿಲ್ಲ. ಉಳಿಯಲಿ ಅಂತ ಆಸೆ ಇಟ್ಟುಕೊಳ್ಳಬಹುದು, ಪ್ರಾರ್ಥಿಸಬಹುದು. ಅಷ್ಟನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು.

ಅಜ್ಜಿ ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡಳು. ಕೊನೆಯ ದಿನ ಚಮಚದಲ್ಲಿ ಅವಳ ಬಾಯಿಗೆ ನೀರು ಬಿಟ್ಟವಳು ನಾನೇ.

ಮರುದಿನ ರಾತ್ರಿ ಮಗಳಿಗೆ ಅಂದೆ, "ಮುತ್ತಜ್ಜಿ ಎಲ್ಲಿದ್ದಾರೆ ಅಂತ ನಂಗೂ ನೋಡಿ ಗೊತ್ತಿಲ್ಲ ಪುಟ್ಟಾ. ಆದ್ರೆ ನಂಗಿಂತ ಜಾಸ್ತಿ ಅವರನ್ನ ಪ್ರೀತಿಸೋರ ಹತ್ರ ಇದ್ದಾರೆ."

ಅವಳು ಸ್ವಲ್ಪ ಯೋಚಿಸಿ, "ಟೀಚರ್‌ಗೂ ಹಾಗೇ ಹೇಳ್ಲಾ?" ಅಂದಳು.

"ಹೇಳು" ಅಂದೆ. ಈ ಭಾನುವಾರ ಅವಳ ಜೊತೆ ನಾನೂ ಹೋಗುತ್ತೇನೆ.