ತಗ್ಗಿದ ಕಾರು ಮತ್ತು ಎರೆನಾಡಿನ ರಸ್ತೆ

ಗುರುಗುಂಟಾ ಭಾಗದ ಹಿರಿಯ ಓದುಗರೊಬ್ಬರು ಈ ಅಂಕಣಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗನು ಮನೆಯ ಕಾರಿನ ಸ್ಪ್ರಿಂಗುಗಳನ್ನು ತೆಗೆಸಿ, ಕಾರನ್ನು ನೆಲಕ್ಕೆ ಹತ್ತಿರ ತರುವ ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಬೇಕೆಂದು ಹಟ ಹಿಡಿದಿದ್ದಾನೆ. ಕಾರು ನೋಡಲು ಅಂದವಾಗುತ್ತದೆ, ತಿರುವುಗಳಲ್ಲಿ ವಾಲುವುದು ಕಡಿಮೆಯಾಗುತ್ತದೆ ಎಂಬುದು ಮಗನ ವಾದ. ಅದೇ ಕಾರಿನಲ್ಲಿ ಸೊಂಟನೋವಿನ ತಾಯಿಯನ್ನು ರಾಯಚೂರಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಕುಬುಸಕ್ಕೆಂದು ಮಗಳನ್ನು ತವರಿಗೆ ಕರೆತರಬೇಕು ಎಂಬುದು ತಂದೆಯ ಚಿಂತೆ. ಮನೆಗೆ ಇರುವುದು ಅದೊಂದೇ ಕಾರು. ಪ್ರಯಾಣದ ಸುಖವೂ ಕೆಡದಂತೆ, ಹುಡುಗನ ಮನಸ್ಸೂ ನೋಯದಂತೆ ಮಾರ್ಗವುಂಟೇ ಎಂದು ಕೇಳಿದ್ದಾರೆ.

ಮಾರ್ಗವುಂಟು, ಆದರೆ ಅದು ಬಹಳ ಇಕ್ಕಟ್ಟಾದುದು. ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ನಮ್ಮ ನೆಲವನ್ನೂ, ಆಮೇಲೆ ಸ್ಪ್ರಿಂಗಿನ ಗುಣವನ್ನೂ ನೋಡಬೇಕಾಗುತ್ತದೆ.

ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸುತ್ತಲಿನ ಭೂಮಿ ಬಹುಪಾಲು ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ವರ್ಷವರ್ಷವೂ ಈ ಉಸಿರಾಟಕ್ಕೆ ಸಿಕ್ಕಿ ಅಲೆಅಲೆಯಾಗುತ್ತದೆ. ಗುಂಡಿಯೊಂದೂ ಕಾಣದಿದ್ದರೂ ಕಾರು ತುಂಬಿದ ಹೊಳೆಯ ಮೇಲಿನ ದೋಣಿಯಂತೆ ಏರಿಳಿಯುವುದು ಈ ಸೀಮೆಯವರಿಗೆಲ್ಲ ಗೊತ್ತಿರುವ ಸಂಗತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರು ಕಡೆಗೆ ಹೋದರೆ, ಕೆಸರುಗದ್ದೆಗೆಂದು ಕೇಜ್‌ವೀಲ್ ತೊಡಿಸಿದ ಟ್ರ್ಯಾಕ್ಟರುಗಳನ್ನು ಹಾಗೆಯೇ ರಸ್ತೆಗೆ ತರುವವರ ಕೃಪೆಯೂ ಇದಕ್ಕೆ ಸೇರುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ನಿಂತು ಸ್ಪ್ರಿಂಗು ಆರಿಸುವ ತರುಣನಿಗೆ ಆ ನಗರದ ರಸ್ತೆ ಕಣ್ಣ ಮುಂದಿರುತ್ತದೆಯೇ ವಿನಾ ಸುಮಾರು ನಾನೂರು ಕಿಲೋಮೀಟರ್ ಆಚೆಯ ಈ ಅಲೆಗಳು ನೆನಪಿಗೆ ಬರುವುದಿಲ್ಲ.

ನಮ್ಮ ಹಿರಿಯರ ಬಂಡಿಗಳಿಗೆ ಸ್ಪ್ರಿಂಗು ಇರಲಿಲ್ಲ. ಮುದುಕರನ್ನೋ ಬಸುರಿಯರನ್ನೋ ಜಾತ್ರೆಗೆ, ತವರಿಗೆ ಕರೆದೊಯ್ಯುವಾಗ ಬಂಡಿಯ ತುಂಬ ಹುಲ್ಲು ಹಾಸಿ, ಮೇಲೆ ಎರಡು ಮೂರು ಕೌದಿಗಳನ್ನು ಹರಡುತ್ತಿದ್ದರು. ಆ ಹಾಸು ಕೂಡ ಒಂದು ಸ್ಪ್ರಿಂಗೇ ಸರಿ. ಹುಲ್ಲು ದಪ್ಪವಾಗಿದ್ದಷ್ಟೂ ಸುಖ. ತೆಳ್ಳಗಾದರೆ ಹಲಗೆ ಬೆನ್ನಿಗೆ ಬಡಿಯುತ್ತಿತ್ತು. ಕಾರಿನ ವಿಷಯದಲ್ಲಿಯೂ ನ್ಯಾಯ ಇದೇ. ಸ್ಪ್ರಿಂಗು ಎಷ್ಟು ಮೆತ್ತಗಿದೆ ಎಂಬುದಕ್ಕಿಂತ, ಅದು ಇನ್ನೂ ಎಷ್ಟು ದೂರ ಕುಗ್ಗಬಲ್ಲದು ಎಂಬುದರಲ್ಲಿ ಪ್ರಯಾಣದ ಸುಖ ಅಡಗಿದೆ.

ಇದನ್ನು ಲೆಕ್ಕದಿಂದ ನೋಡೋಣ. ಖಾಲಿ ನಿಂತ ಕಾರಿನ ಹಿಂದಿನ ಚಕ್ರ ಇನ್ನು 80 ಮಿಲಿಮೀಟರ್ ಮೇಲಕ್ಕೆ ಹೋದರೆ ಒಳಗಿನ ತಡೆ ರಬ್ಬರಿಗೆ, ಅಂದರೆ ಬಂಪ್ ಸ್ಟಾಪಿಗೆ, ಮುಟ್ಟುತ್ತದೆಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಐದು ಜನ ಕುಳಿತು ಸಾಮಾನು ತುಂಬಿದಾಗ ಹಿಂಭಾಗ 40 ಮಿ.ಮೀ. ಇಳಿಯಿತು ಎನ್ನೋಣ. ರಸ್ತೆಯ ಉಬ್ಬುತಗ್ಗುಗಳಿಗಾಗಿ ಉಳಿದದ್ದು 40 ಮಿ.ಮೀ. ಈಗ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗು ಹಾಕಿದರೆ ಉಳಿಯುವುದು ಕೇವಲ 10. ಇಷ್ಟರಲ್ಲಿ ಎರೆನಾಡಿನ ಒಂದು ಅಲೆಯೂ ಅಡಗಲಾರದು. ಪ್ರತಿ ತಗ್ಗಿಗೂ ಚಕ್ರ ರಬ್ಬರಿಗೆ ಗುದ್ದುತ್ತದೆ, ಆ ಗುದ್ದು ಹಿಂದಿನ ಆಸನದಲ್ಲಿ ಕುಳಿತ ತಾಯಿಯ ಸೊಂಟಕ್ಕೆ ತಲುಪುತ್ತದೆ. ಹೀಗಾಗಬಾರದೆಂದೇ ಗಿಡ್ಡ ಸ್ಪ್ರಿಂಗುಗಳನ್ನು ತಯಾರಕರು ಗಡುಸಾಗಿಯೇ ಮಾಡುತ್ತಾರೆ. ಮೊದಲಿನದಕ್ಕಿಂತ ಶೇಕಡಾ 25ರಷ್ಟು ಗಡುಸಾದ ಸ್ಪ್ರಿಂಗು ಅದೇ ಭಾರಕ್ಕೆ 32 ಮಿ.ಮೀ. ಮಾತ್ರ ಇಳಿಯುವುದರಿಂದ 10ರ ಬದಲು 18 ಮಿ.ಮೀ. ಉಳಿಯುತ್ತದೆ. ಗಡುಸುತನವನ್ನು ಬೈಯುವವರು ಇದನ್ನು ಗಮನಿಸುವುದಿಲ್ಲ. ತಗ್ಗಿದ ಕಾರಿಗೆ ಮೆತ್ತನೆಯ ಸ್ಪ್ರಿಂಗು ಹಾಕಿದರೆ ಸುಖ ಹೆಚ್ಚುವುದಿಲ್ಲ, ಗುದ್ದು ಹೆಚ್ಚುತ್ತದೆ.

ಆದರೆ ಗಡುಸುತನಕ್ಕೂ ಬೆಲೆ ತೆರಬೇಕಾಗುತ್ತದೆ. ಸ್ಪ್ರಿಂಗಿನ ಮೇಲೆ ಕುಳಿತ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂಬುದರಿಂದ ಅದರ ಸುಖವನ್ನು ಅಳೆಯುತ್ತಾರೆ. ಕಾರಿನ ಭಾರಕ್ಕೆ ಚಕ್ರದ ಬಳಿ ಸ್ಪ್ರಿಂಗು 25 ಸೆಂಟಿಮೀಟರಿನಷ್ಟು ಕುಗ್ಗಿ ಕುಳಿತಿದ್ದರೆ ಸೆಕೆಂಡಿಗೆ ಒಂದು ತೂಗು. 11 ಸೆಂಟಿಮೀಟರ್ ಆದರೆ ಒಂದೂವರೆ. 6 ಸೆಂಟಿಮೀಟರ್ ಮಾತ್ರವಾದರೆ ಎರಡು. ಕುಟುಂಬದ ಕಾರುಗಳು ಸಾಧಾರಣವಾಗಿ ಒಂದರಿಂದ ಒಂದೂವರೆಯ ನಡುವೆ ಇರುತ್ತವೆ. ಮನುಷ್ಯ ನಡೆಯುವಾಗ ಅವನ ಮೈ ಏರಿಳಿಯುವ ಗತಿ ಇದಕ್ಕೆ ಹತ್ತಿರವಾದುದರಿಂದ ದೇಹ ಇದನ್ನು ಸಹಿಸುತ್ತದೆ. ಸೆಕೆಂಡಿಗೆ 4ರಿಂದ 8 ಸಲದ ಆಸುಪಾಸಿನ ಮೇಲುಕೆಳಗಿನ ಅಲುಗಾಟವನ್ನು ಮಾತ್ರ ನಮ್ಮ ಶರೀರ ಬಹಳವಾಗಿ ದ್ವೇಷಿಸುತ್ತದೆ. ಸಮಾಧಾನದ ಸಂಗತಿಯೆಂದರೆ, ಸ್ಪ್ರಿಂಗು ಶೇಕಡಾ 25 ಗಡುಸಾದರೆ ತೂಗಿನ ವೇಗ ಹೆಚ್ಚುವುದು ಶೇಕಡಾ 12 ಮಾತ್ರ. ಇಷ್ಟನ್ನು ಮನೆಯವರು ತಾಳಿಕೊಂಡಾರು. ಶೇಕಡಾ 50, 60 ಗಡುಸಾದ, ಪಂದ್ಯಗಳಿಗೆಂದು ಮಾಡಿದ ಸ್ಪ್ರಿಂಗನ್ನು ತಾಳಿಕೊಳ್ಳಲಾರರು.

ಆದುದರಿಂದ ಹುಡುಗನಿಗೆ ನಮ್ಮ ಮೊದಲ ಮಾತು: 20 ಮಿ.ಮೀ., ಹೆಚ್ಚೆಂದರೆ 25 ಮಿ.ಮೀ. ತಗ್ಗಿದರೆ ಸಾಕು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಅಂತರ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಲು ಇಷ್ಟೇ ಸಾಕಾಗುತ್ತದೆ. 40, 50 ಮಿ.ಮೀ. ತಗ್ಗಿಸುವ ಸ್ಪ್ರಿಂಗುಗಳನ್ನು ನಮ್ಮ ಭಾಗದಲ್ಲಿ ಓಡಬೇಕಾದ ಕುಟುಂಬದ ಕಾರಿಗೆ ಹಾಕಿಸುವುದನ್ನು ನಾವು ಒಪ್ಪಲಾರೆವು. ಅದು ಎಷ್ಟೇ ಹೆಸರಾಂತ ತಯಾರಕರದ್ದಾಗಿರಲಿ.

ಎರಡನೆಯದಾಗಿ, ಒಂದೇ ಗತಿಯ ಸ್ಪ್ರಿಂಗಿಗಿಂತ ಸುರುಳಿಗಳ ಅಂತರ ಒಂದು ತುದಿಯಲ್ಲಿ ಒತ್ತಾಗಿಯೂ ಇನ್ನೊಂದೆಡೆ ವಿರಳವಾಗಿಯೂ ಇರುವ ಸ್ಪ್ರಿಂಗು ಕುಟುಂಬಕ್ಕೆ ಒಳ್ಳೆಯದು. ಇದನ್ನು ಅಂಗಡಿಯವರು ಪ್ರೋಗ್ರೆಸಿವ್ ಎನ್ನುತ್ತಾರೆ. ಸಣ್ಣ ಏರಿಳಿತಕ್ಕೆ ಎಲ್ಲ ಸುರುಳಿಗಳೂ ಬಾಗಿ ಮೆತ್ತಗೆ ವರ್ತಿಸುತ್ತವೆ; ಭಾರ ಹೆಚ್ಚಿದಂತೆ ಒತ್ತಾದ ಸುರುಳಿಗಳು ಒಂದಕ್ಕೊಂದು ತಾಗಿ ಕೆಲಸ ನಿಲ್ಲಿಸುವುದರಿಂದ ಸ್ಪ್ರಿಂಗು ತಾನಾಗಿ ಗಡುಸಾಗುತ್ತದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. ಖಾಲಿ ಕಾರಿನ ಭಾರಕ್ಕೇ ಒತ್ತಾದ ಸುರುಳಿಗಳೆಲ್ಲ ಮುಚ್ಚಿಹೋಗಿದ್ದರೆ ಅದು ಹೆಸರಿಗೆ ಮಾತ್ರ ಪ್ರೋಗ್ರೆಸಿವ್.

ನಾಲ್ಕು ಚಕ್ರಗಳಿಗೂ ಒಂದೇ ತಯಾರಕರ, ಅದೇ ಮಾದರಿಯ ಕಾರಿಗೆಂದೇ ಮಾಡಿದ ಪೂರ್ಣ ಸೆಟ್ಟನ್ನೇ ಕೊಳ್ಳಬೇಕು. ಮುಂದಿನದು ಮಾತ್ರ ಬದಲಿಸೋಣ, ಹಿಂದಿನದು ಹಾಗೇ ಇರಲಿ ಎನ್ನುವವರಿಗೆ ಒಂದು ಹಳೆಯ ಪಾಠವಿದೆ. ರೋಲ್ಸ್ ರಾಯ್ಸ್ ಸಂಸ್ಥೆಯಿಂದ ಅಮೆರಿಕದ ಜನರಲ್ ಮೋಟಾರ್ಸ್‌ಗೆ ಬಂದ ಮಾರಿಸ್ ಆಲಿ ಎಂಬ ಇಂಜಿನಿಯರರು 1930ರ ದಶಕದ ಆರಂಭದಲ್ಲಿ ಕಾರೊಂದರ ಮೇಲೆ ಭಾರಗಳನ್ನು ಹಿಂದೆ ಮುಂದೆ ಸರಿಸಿ ಪರೀಕ್ಷೆ ನಡೆಸಿದರು. ಮುಂದಿನ ಸ್ಪ್ರಿಂಗಿನ ತೂಗು ನಿಧಾನವಾಗಿಯೂ ಹಿಂದಿನದು ಕೊಂಚ ವೇಗವಾಗಿಯೂ ಇದ್ದರೆ ಪ್ರಯಾಣ ಸಮತಟ್ಟಾಗಿರುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಉಬ್ಬನ್ನು ಮೊದಲು ಏರುವುದು ಮುಂದಿನ ಚಕ್ರ. ತಡವಾಗಿ ಏರುವ ಹಿಂಭಾಗ ಸ್ವಲ್ಪ ವೇಗವಾಗಿ ತೂಗಿದರೆ ಮುಂಭಾಗವನ್ನು ಕೂಡಿಕೊಳ್ಳುತ್ತದೆ. ಮುಂದಿನದನ್ನಷ್ಟೇ ಗಡುಸು ಮಾಡಿದರೆ ಈ ಹೊಂದಾಣಿಕೆ ಮುರಿದು ಕಾರು ಕುದುರೆಯಂತೆ ಮೂಗು ಎತ್ತಿ ಇಳಿಸತೊಡಗುತ್ತದೆ. ವಾಂತಿಯಾಗುವ ಮಕ್ಕಳಿರುವ ಮನೆಯವರಿಗೆ ಇದರ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ.

ಹಣ ಉಳಿಸಲೆಂದು ಇರುವ ಸ್ಪ್ರಿಂಗಿನ ಒಂದು ಸುತ್ತನ್ನೇ ಕತ್ತರಿಸಿ ಕಾರು ತಗ್ಗಿಸಿಕೊಡುವವರೂ ಉಂಟು. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಹೋದರೆ ಅದು ಶೇಕಡಾ 20 ಗಡುಸಾಗುತ್ತದೆ, ಅದು ಹಾಗಿರಲಿ. ತಟ್ಟೆಯ ಮೇಲೆ ಸರಿಯಾಗಿ ಕೂರಲೆಂದು ರೂಪಿಸಿದ ತುದಿಯೇ ಇಲ್ಲವಾಗಿ, ಕಾರನ್ನು ಜಾಕ್ ಎತ್ತಿದಾಗ ಸ್ಪ್ರಿಂಗು ಸಡಿಲವಾಗಿ ಪಕ್ಕಕ್ಕೆ ಜಾರಬಹುದು. ಗ್ಯಾಸ್ ಬೆಂಕಿಯಿಂದ ಕಾಯಿಸಿ ಕುಗ್ಗಿಸುವುದು ಇನ್ನೂ ಕೆಟ್ಟದ್ದು; ಉಕ್ಕಿಗೆ ಕೊಟ್ಟ ಹದವೇ ಕೆಟ್ಟು, ಸ್ಪ್ರಿಂಗು ದಿನೇ ದಿನೇ ಕುಸಿಯುತ್ತದೆ, ಮುರಿಯಲೂಬಹುದು. ಹೊಸ ಸ್ಪ್ರಿಂಗಾದರೂ ಚಕ್ರ ಪೂರ್ತಿ ಜೋತಾಡುವಾಗ ತನ್ನ ತಟ್ಟೆಗಳ ನಡುವೆ ಬಿಗಿಯಾಗಿಯೇ ಇರುತ್ತದೆಯೇ ಎಂಬುದನ್ನು ಕೈಯಾರೆ ಅಲುಗಾಡಿಸಿ ನೋಡಬೇಕು. ಬೆಲೆ ಕೊಡುವುದಕ್ಕೆ ಮೊದಲೇ ಈ ಷರತ್ತನ್ನು ಹೇಳಿಬಿಡುವುದು ಒಳಿತು.

ಶಾಕ್ ಅಬ್ಸಾರ್ಬರಿನ ಮಾತು ಬಂದಾಗ ಬಹುಜನರು ತಪ್ಪು ಮಾಡುತ್ತಾರೆ. ಸ್ಪ್ರಿಂಗು ಹೊಡೆತವನ್ನು ನುಂಗುತ್ತದೆ, ಆಮೇಲೆ ಅದರ ಕುಣಿತವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅರವತ್ತು ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿ ಎಣ್ಣೆ ಬಸಿದ ಹಳೆಯ ಶಾಕ್ ಅಬ್ಸಾರ್ಬರಿಗೆ ಹೊಸ ಗಡುಸು ಸ್ಪ್ರಿಂಗನ್ನು ಜೋಡಿಸಿ, ಕಾರು ಕುಣಿಯುತ್ತದೆಂದು ಸ್ಪ್ರಿಂಗನ್ನು ದೂರುವುದರಲ್ಲಿ ಅರ್ಥವಿಲ್ಲ. ಹೊಸದನ್ನೇ, ಸಾಧ್ಯವಾದರೆ ಆ ಸ್ಪ್ರಿಂಗಿಗೆ ಹೊಂದುವುದನ್ನೇ ಹಾಕಿಸಬೇಕು. ಈ ಖರ್ಚನ್ನು ಸೇರಿಸಿ ಲೆಕ್ಕ ಹಾಕಿದಾಗ ಹುಡುಗನ ಉತ್ಸಾಹ ತಾನಾಗಿ ಅರ್ಧ ಇಳಿದರೆ ನಮಗೇನೂ ಬೇಸರವಿಲ್ಲ.

ಇನ್ನು ಸ್ಪೀಡ್ ಬ್ರೇಕರುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದಂತೆ ರಸ್ತೆಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಹೀಗೆ ಕಟ್ಟಿದ ಹಂಪಿನ ಮೇಲೆ ಮುಂದಿನ ಹಿಂದಿನ ಚಕ್ರಗಳ ಅಂತರ 2.45 ಮೀಟರ್ ಇರುವ ಸ್ವಿಫ್ಟಿನಂಥ ಕಾರು ನಿಂತರೆ, ಹೊಟ್ಟೆಯ ಕೆಳಗೆ ಹಂಪು ಉಬ್ಬಿಬರುವುದು ನಾಲ್ಕೂವರೆ ಸೆಂಟಿಮೀಟರಿನಷ್ಟು ಮಾತ್ರ. ತಗ್ಗಿದ ಕಾರೂ ನಿರಾಯಾಸವಾಗಿ ದಾಟೀತು. ಆದರೆ ನಮ್ಮ ಹಳ್ಳಿಗಳಲ್ಲಿ ಅಪಘಾತವಾದ ಮರುದಿನ ಸಿಮೆಂಟು ಸುರಿದು ಗೋಡೆಯಂತೆ ಎಬ್ಬಿಸುವ ಹಂಪುಗಳಿಗೆ ಯಾವ ಮಾನಕವೂ ಅನ್ವಯಿಸುವುದಿಲ್ಲ. ಒಂದು ಮೊಳ ಅಗಲದ, 15 ಸೆಂಟಿಮೀಟರ್ ಎತ್ತರದ ದಿಣ್ಣೆ ಹೊಟ್ಟೆಯ ಕೆಳಗೆ ಪೂರ್ತಿ 15 ಸೆಂಟಿಮೀಟರನ್ನೂ ಕೇಳುತ್ತದೆ. ಸ್ವಿಫ್ಟಿನ ನೆಲದೆತ್ತರ 163 ಮಿ.ಮೀ. ಎಂದು ಕಂಪನಿ ಹೇಳುತ್ತದೆ. ಅದರಲ್ಲಿ 25 ಕಳೆದರೆ ಉಳಿಯುವುದು 138. ಉಳಿದುದನ್ನು ಓದುಗರೇ ಊಹಿಸಿಕೊಳ್ಳಬಹುದು. ಅಮರೇಶ್ವರನ ಜಾತ್ರೆಗೆಂದು ಮನೆಮಂದಿಯೆಲ್ಲ ಹತ್ತಿದ ಕಾರು ಊರ ಬಾಗಿಲಲ್ಲೇ ಹೊಟ್ಟೆ ಉಜ್ಜಿಕೊಂಡು ನಿಂತರೆ, ಇಂಜಿನ್ ಎಣ್ಣೆಯ ಪಾತ್ರೆ ಒಡೆಯುವ ಅಪಾಯವೂ ಇದೆ.

ಕೊಳ್ಳುವ ಮೊದಲು ಒಂದು ಸುಲಭ ಪರೀಕ್ಷೆಯನ್ನು ಮಾಡಿನೋಡಬಹುದು. ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ, ಧೂಳು ತಡೆಯುವ ರಬ್ಬರ್ ಗವಸನ್ನು ಮೇಲೆ ಸರಿಸಿ, ವಯರು ಕಟ್ಟುವ ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದು ಕೆಳಗಿನ ಕೊಳವೆಯವರೆಗೆ ಒತ್ತಿಡಬೇಕು. ಬಳಿಕ ಮನೆಯವರೆಲ್ಲರನ್ನೂ ಕೂರಿಸಿಕೊಂಡು ಗುರುಗುಂಟಾದಿಂದ ಲಿಂಗಸುಗೂರಿಗೆ ಹೋಗಿಬರಬೇಕು. ಪಟ್ಟಿ ಎಲ್ಲಿಯವರೆಗೆ ಸರಿದಿದೆಯೋ ಅಲ್ಲಿಯವರೆಗೆ ಚಕ್ರ ಮೇಲೆದ್ದಿತ್ತೆಂದು ಅರ್ಥ. ಅಲ್ಲಿಂದ ತಡೆ ರಬ್ಬರಿನವರೆಗೆ ಉಳಿದ ಜಾಗ ಎಷ್ಟೆಂದು ಮೆಕ್ಯಾನಿಕರಿಂದ ಅಳೆಸಿದರೆ, ಎಷ್ಟು ತಗ್ಗಿಸಬಹುದೆಂಬುದಕ್ಕೆ ನಿಮ್ಮ ಕಾರೇ ಉತ್ತರ ಹೇಳುತ್ತದೆ. ಆ ಜಾಗ ಈಗಲೇ ಎರಡು ಬೆರಳಿಗಿಂತ ಕಡಿಮೆಯಿದ್ದರೆ, ಸ್ಪ್ರಿಂಗಿನ ಯೋಚನೆಯನ್ನು ಬಿಡಿಸಿ ಮಗನಿಗೆ ಒಳ್ಳೆಯ ಟೈರುಗಳನ್ನು ಕೊಡಿಸುವುದು ಲೇಸು. ಅದೂ ಕಂಪನಿ ಸೂಚಿಸಿದ ಅಳತೆಯವೇ ಆಗಿರಲಿ. ದೊಡ್ಡ ರಿಮ್ಮಿಗೆ ತೆಳ್ಳನೆಯ ಟೈರು ತೊಡಿಸಿದರೆ ಸ್ಪ್ರಿಂಗಿನಿಂದ ಉಳಿಸಿಕೊಂಡ ಸುಖವೆಲ್ಲ ಅಲ್ಲಿ ಸೋರಿಹೋಗುತ್ತದೆ.

ಕಾನೂನಿನ ಕಡೆಯೂ ಕಣ್ಣಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ನಿಯಮಬಾಹಿರ ಮಾರ್ಪಾಡಿಗೆ, ಒಂದೊಂದಕ್ಕೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಆದಕಾರಣ ರಾಯಚೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ಮೊದಲೇ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಅಂಗಡಿಯವರ ಭರವಸೆ ಅಪಘಾತದ ದಿನ ಕೆಲಸಕ್ಕೆ ಬರುವುದಿಲ್ಲ.

ಇಷ್ಟೆಲ್ಲ ಕೇಳಿಯೂ ಹಾಕಿಸುವುದೇ ಆದರೆ, ಕೆಲಸ ಮುಗಿದ ದಿನವೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಬೇಕು. ಕಾರು ತಗ್ಗಿದಾಗ ಚಕ್ರಗಳ ಓರೆ ಬದಲಾಗಿ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಹೆಡ್‌ಲೈಟಿನ ಬೆಳಕು ಬೀಳುವ ಜಾಗವನ್ನೂ ಸರಿಪಡಿಸಬೇಕು. ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆದು ಬರೆದಿಟ್ಟುಕೊಂಡು, ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಅಳೆದರೆ ಸ್ಪ್ರಿಂಗು ಕುಸಿಯುತ್ತಿದೆಯೇ ಎಂಬುದು ತಿಳಿಯುತ್ತದೆ. ಬಿಚ್ಚಿದ ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಚೀಲದಲ್ಲಿ ಕಟ್ಟಿ, ಯಾವುದು ಯಾವ ಚಕ್ರದ್ದೆಂದು ಚೀಟಿ ಅಂಟಿಸಿ ಅಟ್ಟದ ಮೇಲಿರಿಸಬೇಕು. ಮಗಳ ಕುಬುಸದ ಹೊತ್ತಿಗೆ ಅವು ಮತ್ತೆ ಬೇಕಾಗಬಹುದು.