ಮಗಾ, ಒಂದು ಪಿಸಿ ಲಿಸ್ಟ್ ಮಾಡ್ಕೊಡು

ನಮ್ಮ ಕಾಲೇಜಲ್ಲಿ ಪ್ರತಿ ಸೆಕ್ಷನ್‌ಗೂ ಒಬ್ಬ ಇರ್ತಾನೆ. ಯಾರ ಲ್ಯಾಪ್‌ಟಾಪ್ ಸ್ಲೋ ಆದ್ರೂ ಅವನ ಹತ್ರ ತರ್ತಾರೆ, ಯಾರು ಹೊಸ ಕಂಪ್ಯೂಟರ್ ತಗೊಳ್ಳೋದಾದ್ರೂ ಅವನನ್ನೇ ಕೇಳ್ತಾರೆ. ನಮ್ಮ ಸೆಕ್ಷನ್‌ನಲ್ಲಿ ಅವನು ನಾನೇ. ಇದು ಯಾರೋ ಕೊಟ್ಟ ಪದವಿ ಅಲ್ಲ, ಎರಡು ವರ್ಷ ಬೆಂಚ್‌ಮಾರ್ಕ್ ವಿಡಿಯೋ ನೋಡಿ ನೋಡಿ ತಾನಾಗೇ ಅಂಟಿಕೊಂಡಿದ್ದು. "ಮಗಾ, ಒಂದು ಪಿಸಿ ಲಿಸ್ಟ್ ಮಾಡ್ಕೊಡು" ಅಂತ ಯಾರಾದ್ರೂ ಅಂದ್ರೆ ಸಾಕು, ನಾಳೆ ಇಂಟರ್ನಲ್ಸ್ ಇದ್ರೂ ರಾತ್ರಿ ಎಕ್ಸೆಲ್ ಶೀಟ್ ತೆಗೆದು ಕೂತುಬಿಡ್ತೀನಿ.

ನಾನು ಹೇಳಬೇಕು ಅಂತಿರೋದು ಇಷ್ಟೇ. ಹೀಗೆ ಸಹಾಯ ಮಾಡೋ ನಾವು ಎಷ್ಟೋ ಸಲ ಗೆಳೆಯನ ದುಡ್ಡಲ್ಲಿ ನಮ್ಮ ಕನಸಿನ ಪಿಸಿ ಕಟ್ತಿರ್ತೀವಿ. ಇದು ತಪ್ಪು. ಈ ತಪ್ಪು ನಾನೂ ಮಾಡಿದ್ದೀನಿ, ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

2025ರ ಆಗಸ್ಟ್, ಮೂರನೇ ಸೆಮ್ ಆಗ ತಾನೇ ಶುರುವಾಗಿತ್ತು. ನನ್ನ ರೂಮ್‌ಮೇಟ್ ಮೆಕ್ಯಾನಿಕಲ್, ತಿಪಟೂರು ಕಡೆಯವನು. ಗೇಮಿಂಗ್ ಪಿಸಿ ಬೇಕು, ಬಜೆಟ್ 50 ಸಾವಿರ ಅಂದ. ದುಡ್ಡು ಅವನ ಅಕ್ಕ ಕೊಡ್ತಿದ್ರು. ಅವರು ತುಮಕೂರಲ್ಲಿ ಕೆಲಸಕ್ಕೆ ಸೇರಿ ಒಂದೂವರೆ ವರ್ಷ ಆಗಿತ್ತು. ಒಂದಿನ ಫೋನಲ್ಲಿ ನನಗೂ ಕೊಡು ಅಂತ ಹೇಳಿ ಮಾತಾಡಿದ್ರು: "ನಿಂಗೆ ಇದೆಲ್ಲ ಚೆನ್ನಾಗಿ ಗೊತ್ತಂತಲ್ಲ ತಮ್ಮ, ನೀನೇ ಮುಂದೆ ನಿಂತು ಕೊಡ್ಸಪ್ಪ." ನಾನು ಹೂಂ ಅಕ್ಕ ಅಂದೆ.

ಹತ್ತು ದಿನ ಕೂತು ಲಿಸ್ಟ್ ಮಾಡಿದೆ. ರೈಜನ್ 5 5600, ಆರ್‌ಟಿಎಕ್ಸ್ 4060, ಮುಂದೆ ಮೂರು ಲೈಟಿನ ಫ್ಯಾನ್ ಇರೋ ಗಾಜಿನ ಕ್ಯಾಬಿನೆಟ್. ಟೋಟಲ್ 65 ಸಾವಿರ ದಾಟಿತು. "ಇಷ್ಟು ಹಾಕಿದ್ರೆ ನಾಲ್ಕು ವರ್ಷ ನೋಡೋ ಹಾಗಿಲ್ಲ ಮಗಾ" ಅಂದೆ. ಅವನು ಸ್ವಲ್ಪ ಹೊತ್ತು ಶೀಟ್ ನೋಡಿ, ಸರಿ ಅಂದ. ಆ ಶೀಟಲ್ಲಿ ಮಾನಿಟರ್ ಇರಲಿಲ್ಲ, ಯುಪಿಎಸ್ ಇರಲಿಲ್ಲ, ಕೀಬೋರ್ಡ್ ಕೂಡ ಇರಲಿಲ್ಲ. ದುಡ್ಡು ಉಳಿಸೋಕೆ ಅಂತ ನಾನು ಕೈ ಹಾಕಿದ್ದು ಒಂದೇ ಕಡೆ, ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಫ್ರೀ ಬರುತ್ತಲ್ಲ, ಅದೇ ಸಾಕು ಅಂತ ಬರೆದಿದ್ದೆ.

ಕೊಟೇಶನ್ ತಗೊಳ್ಳೋಕೆ ಒಂದು ಶನಿವಾರ ಎಸ್‌.ಪಿ. ರೋಡಿಗೆ ಹೋದ್ವಿ. ಮಾರ್ಕೆಟ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿದು ನಡೆದ್ರೆ ಸಿಗುತ್ತೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಾಗಿಲು ಹಾಕಿರ್ತವೆ. ಮೊದಲ ಅಂಗಡಿಯಲ್ಲೇ ಒಬ್ಬರು "ಐ7, 16 ಜಿಬಿ ರ್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಎಲ್ಲ ಸೇರಿ 22 ಸಾವಿರ" ಅಂದ್ರು. ಗೆಳೆಯನ ಮುಖ ಅರಳಿತು. ನಾನು ವಿಚಾರಿಸಿದೆ. ಐ7 ನಿಜ, ಆದರೆ ನಾಲ್ಕನೇ ಜನರೇಶನ್, 2013ರದ್ದು. ಕಾರ್ಡ್ ಜಿಟಿ 730, ಅದು ಬಂದಿದ್ದು 2014ರಲ್ಲಿ. ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ಗಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ಗೆ ಆ ವರ್ಷ ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಲ್ಲೋದಿತ್ತು. ಇನ್ನೊಂದು ಅಂಗಡಿಯಲ್ಲಿ "ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಆಗುತ್ತೆ" ಅಂದ್ರು. 18% ಜಿಎಸ್‌ಟಿ ಉಳಿಯೋದೇನೋ ಹೌದು, ಆದರೆ ನಾಳೆ ಬೋರ್ಡ್ ಕೆಟ್ಟರೆ ವಾರಂಟಿ ಕೇಳೋಕೆ ಕೈಯಲ್ಲಿ ಕಾಗದವೇ ಇರಲ್ಲ. ಇಂಥ ಕಡೆ ನನ್ನ ಜ್ಞಾನ ಉಪಯೋಗಕ್ಕೆ ಬಂತು ಅಂತ ಎದೆ ಉಬ್ಬಿಸಿಕೊಂಡೇ ಓಡಾಡ್ತಿದ್ದೆ.

ನಾಲ್ಕನೇ ಅಂಗಡಿಯ ಕೌಂಟರ್‌ನಲ್ಲಿ ವಯಸ್ಸಾದ ಒಬ್ಬರಿದ್ರು. ನನ್ನ ಲಿಸ್ಟ್ ಪೂರ್ತಿ ಓದಿದ್ರು. ಆಮೇಲೆ ನನ್ನನ್ನು ಬಿಟ್ಟು ಅವನನ್ನು ಕೇಳಿದ್ರು: "ಏನ್ ಆಡ್ತೀಯಪ್ಪ? ಓದೋಕೆ ಏನೇನ್ ಬೇಕು?"

"ವ್ಯಾಲೊರಂಟ್ ಸಾರ್. ಊರಲ್ಲಿದ್ದಾಗ ಯಾವಾಗಾದ್ರೂ ಜಿಟಿಎ 5. ಕಾಲೇಜಿಗೆ ಸಾಲಿಡ್‌ವರ್ಕ್ಸ್."

ಹತ್ತು ದಿನದಲ್ಲಿ ನಾನು ಈ ಪ್ರಶ್ನೆ ಕೇಳೇ ಇರಲಿಲ್ಲ. ಗೇಮಿಂಗ್ ಪಿಸಿ ಅಂದ್ರೆ ನಾನು ಆಡಬೇಕು ಅಂದ್ಕೊಂಡಿರೋ ಗೇಮ್‌ಗಳೇ ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಅವನೇ ಬಾಯಿಬಿಟ್ಟ. ಉಳಿದ ದುಡ್ಡು ಅಕ್ಕನ ಹತ್ರ ಕೇಳಿದ್ದನಂತೆ, ಅವರು ಆಯ್ತು ಅಂದಿದ್ರಂತೆ. ಕೆಲಸಕ್ಕೆ ಓಡಾಡೋಕೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡಿಟ್ಟಿದ್ರಂತೆ, ಅದು ದೀಪಾವಳಿ ಆದ್ಮೇಲೆ ನೋಡೋಣ ಅಂದ್ರಂತೆ. "ಮೊದಲೇ ಹೇಳೋದಲ್ವೇನೋ" ಅಂದೆ. "ನಂಗೇನ್ ಗೊತ್ತಾಗುತ್ತೋ, ನೀನ್ ಹೇಳಿದ್ಮೇಲೆ ಅಷ್ಟು ಬೇಕೇ ಬೇಕೇನೋ ಅನ್ಕೊಂಡೆ" ಅಂದ.

ಆ ಮಾತು ಈಗಲೂ ಚುಚ್ಚುತ್ತೆ. ನಾವು ಒಂದು ಹೆಸರು ಬರೆದಾಗ ನಮಗೆ ಅದು ಒಂದು ಆಯ್ಕೆ. ಕೇಳೋನಿಗೆ ಅದು ತೀರ್ಪು. ಬೇಡ ಅನ್ನೋಕೆ ಅವನ ಹತ್ರ ಪದಗಳೇ ಇರಲ್ಲ. ಡಾಕ್ಟರ್ ಬರೆದ ಚೀಟಿಯಲ್ಲಿ ಯಾವ ಮಾತ್ರೆ ಬಿಡಬಹುದು ಅಂತ ನಮಗೆ ಗೊತ್ತಾಗುತ್ತಾ? ಹಾಗೇ.

ಆ ರಾತ್ರಿ ರೂಮಲ್ಲಿ ಶೀಟ್ ಪೂರ್ತಿ ಅಳಿಸಿ ಹೊಸದಾಗಿ ಕೂತ್ವಿ. ಈ ಸಲ ಪ್ರತಿ ಪಾರ್ಟ್ ಏನು ಮಾಡುತ್ತೆ ಅಂತ ಹೇಳ್ತಾ ಹೋದೆ. ನನ್ನ ಕಷ್ಟ ಅಲ್ಲಿ ಶುರುವಾಯ್ತು. ನಾನು ಕಲಿತಿದ್ದೆಲ್ಲ ಇಂಗ್ಲಿಷಲ್ಲಿ. ಬಾಟಲ್‌ನೆಕ್ ಅಂದ್ರೆ ಏನು ಅಂತ ಕನ್ನಡದಲ್ಲಿ ಹೇಳೋಕೆ ಹೋಗಿ ತಡವರಿಸಿದೆ. ಅರ್ಧ ಕೇಳಿದವನೇ ಅವನು, "ಓ, ಬೋರ್‌ವೆಲ್‌ಗೆ 5 ಎಚ್‌ಪಿ ಮೋಟ್ರು ಬಿಟ್ಟು ಒಂದಿಂಚು ಪೈಪ್ ಹಾಕ್ದಂಗೆ" ಅಂದ. ನೂರಕ್ಕೆ ನೂರು ಸರಿ. ಪ್ರೊಸೆಸರ್ ಒಂದು ಅಳತೆ, ಕಾರ್ಡ್ ಇನ್ನೊಂದು ಅಳತೆ ಆದ್ರೆ ದುಡ್ಡು ಕೊಟ್ಟ ಶಕ್ತಿ ತೋಟಕ್ಕೆ ಬರಲ್ಲ.

ಎಸ್‌ಎಂಪಿಎಸ್ ವಿಷಯ ಬಂದಾಗ ಅವನೇ ನನ್ನನ್ನು ತಡೆದ. "ಏ, ಕರೆಂಟ್ ಕೊಡೋದನ್ನೇ ಅಗ್ಗದ್ದು ಹಾಕ್ತಿದೀಯಲ್ಲೋ. ನಮ್ಮೂರಲ್ಲಿ ಸ್ಟಾರ್ಟರ್ ಕಮ್ಮಿದು ಹಾಕಿ ಎಷ್ಟು ಮೋಟ್ರು ಸುಟ್ಟೋಗಿದಾವೆ ಗೊತ್ತಾ?" ವೋಲ್ಟೇಜ್ ಏರಿಳಿತ ಅಂದ್ರೆ ಏನು ಅಂತ ಅವನು ತೋಟದಲ್ಲಿ ನೋಡಿದವನು. ನಾನು ವಿಡಿಯೋದಲ್ಲಿ ನೋಡಿದವನು. ಅವನಿಗೆ ಗೊತ್ತಿಲ್ಲದಿದ್ದದ್ದು ಹೆಸರುಗಳು ಮಾತ್ರ. ಅವನ ತಿಳಿವಳಿಕೆಗೆ ದಾಟಿಸೋಕೆ ಬರದಿದ್ದದ್ದು ನನಗೆ. ನಮ್ಮಲ್ಲಿ ಎಷ್ಟೋ ಜನ ಜಾರ್ಗನ್ ಹೊಡೆದು ಗೆಳೆಯರನ್ನು ಸುಮ್ಮನಾಗಿಸ್ತೀವಿ, ಆಮೇಲೆ ಅವರಿಗೆ ಏನೂ ಗೊತ್ತಿಲ್ಲ ಅಂತೀವಿ.

ಕೊನೆಗೆ ಆಗಿದ್ದು ಈ ಲಿಸ್ಟ್: ರೈಜನ್ 5 5600ಜಿ, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟ್‌ನ ಬ್ರಾಂಝ್ ಎಸ್‌ಎಂಪಿಎಸ್, ಮುಂದೆ ಜಾಲರಿ ಇರೋ ಸಾದಾ ಕ್ಯಾಬಿನೆಟ್, 100 ಹರ್ಟ್ಸ್‌ನ 1080ಪಿ ಮಾನಿಟರ್, ಕೀಬೋರ್ಡ್, ಮೌಸ್, 600 ವಿಎ ಯುಪಿಎಸ್. ಎಲ್ಲ ಬಿಲ್ ಸಮೇತ 44 ಸಾವಿರ ಚಿಲ್ಲರೆ. ಉಳಿದ ದುಡ್ಡು ಅಕ್ಕನಿಗೆ ವಾಪಸ್ ಹೋಯ್ತು. ಹೆಚ್ಚಿನದು ಕೇಳಿದ್ದನ್ನೂ ಅವನೇ ಬೇಡ ಅಂದ.

ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಅಂತ ಕೇಳ್ತೀರಿ. ಇಲ್ಲ. ಕ್ಲಾಸಲ್ಲಿ ಎಲ್ಲರೂ ನಕ್ಕರು, "ಗೇಮಿಂಗ್ ಪಿಸಿ ಅಂತೆ, ಗ್ರಾಫಿಕ್ಸ್ ಕಾರ್ಡೇ ಇಲ್ವಂತೆ" ಅಂತ. 5600ಜಿ ಒಳಗೇ ಒಂದು ಗ್ರಾಫಿಕ್ಸ್ ಭಾಗ ಇದೆ. ಅವನ ವ್ಯಾಲೊರಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ 100 ಫ್ರೇಮ್ ಆರಾಮಾಗಿ ದಾಟುತ್ತೆ. ಮಾನಿಟರ್ ಸೆಕೆಂಡಿಗೆ ತೋರಿಸೋದೇ 100. ಜಿಟಿಎ 5 ಕೂಡ ನಡೆಯುತ್ತೆ, ಸೆಮಿಸ್ಟರ್‌ನ ಸಣ್ಣ ಅಸೆಂಬ್ಲಿಗಳಿಗೆ ಸಾಲಿಡ್‌ವರ್ಕ್ಸ್ ಕೂಡ.

ಹಾಗಂತ ಇದು ಕಾರ್ಡಿಗೆ ಸಮ ಅಂತ ನಾನು ಹೇಳಲ್ಲ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್ಯಾಮನ್ನೇ ಹಂಚಿಕೊಳ್ಳುತ್ತೆ. 3200 ವೇಗದ ಒಂದು ರ್ಯಾಮ್ ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಹಾಕಿದ್ರೆ 51.2. ಅದಕ್ಕೇ 16ರ ಒಂದು ಸ್ಟಿಕ್ ಬಿಟ್ಟು 8ರ ಎರಡು ತಗೊಂಡಿದ್ದು. ಆರ್‌ಎಕ್ಸ್ 6600 ಥರದ ಕಾರ್ಡಲ್ಲಿ ಅದೇ ಲೆಕ್ಕ 224. ವ್ಯತ್ಯಾಸ ಅಲ್ಲೇ ಕಾಣುತ್ತೆ. ಹೊಸ ದೊಡ್ಡ ಗೇಮ್‌ಗಳನ್ನು ಹೈ ಸೆಟ್ಟಿಂಗ್‌ನಲ್ಲಿ ಆಡಬೇಕು ಅಂತ ಅವನು ಅಂದಿದ್ರೆ ನಾನೇ ಐ3-12100ಎಫ್ ಜೊತೆ 6600 ಹಾಕಿಸ್ತಿದ್ದೆ. ನಕ್ಕವರಲ್ಲಿ ಒಬ್ಬ ಸರಿಯಾದ ವಾದವನ್ನೂ ಇಟ್ಟ: 5600ಜಿಯಲ್ಲಿ ಎಲ್3 ಕ್ಯಾಶ್ 16 ಎಂಬಿ, ಸಾದಾ 5600ರಲ್ಲಿ 32. ಜೊತೆಗೆ ಪಿಸಿಐಇ 4.0 ಇಲ್ಲ, 3.0 ಮಾತ್ರ. ಮುಂದೆ ಕಾರ್ಡ್ ಹಾಕಿದಾಗ ಸ್ವಲ್ಪ ನಷ್ಟ ಆಗುತ್ತೆ. ಒಪ್ಪಿದೆ. ಆದರೆ 'ಎಫ್' ಇರೋ ಇಂಟೆಲ್ ಪ್ರೊಸೆಸರ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಸಾದಾ 5600ರಲ್ಲೂ ಇಲ್ಲ. ಕಾರ್ಡ್ ಕೆಟ್ಟು ಸರ್ವೀಸ್‌ಗೆ ಹೋದ್ರೆ ಅದು ಬರೋ ತನಕ ಸ್ಕ್ರೀನ್ ಕಪ್ಪು. ಅಸೈನ್‌ಮೆಂಟ್ ಸಬ್ಮಿಷನ್ ಇರೋನಿಗೆ ಇದೂ ಒಂದು ಲೆಕ್ಕ. ಮಷಿನ್ ಲರ್ನಿಂಗ್ ಮಾಡ್ತೀನಿ ಅನ್ನೋ ಗೆಳತಿ ಕೇಳಿದ್ರೆ ಉತ್ತರ ಮತ್ತೆ ಬೇರೆ, ಯಾಕಂದ್ರೆ ಕೂಡಾ ಓಡೋದು ಎನ್‌ವಿಡಿಯಾ ಕಾರ್ಡ್‌ಗಳಲ್ಲಿ. ಒಂದೇ ಸರಿ ಲಿಸ್ಟ್ ಅಂತ ಇಲ್ಲ.

ಕಾಯೋದು ಯಾವಾಗಲೂ ಜಾಣತನ ಅಂತಲೂ ಅಲ್ಲ. ನಾವು ತಗೊಂಡ ಕೆಲವೇ ತಿಂಗಳಲ್ಲಿ, 2025ರ ಕೊನೆಗೆ, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ್ಯಾಮ್ ಬೆಲೆ ಗಗನಕ್ಕೇರಿತು. ಅದಕ್ಕೇ ನಾನು ಇಲ್ಲಿ ಪಾರ್ಟ್‌ಗಳ ಬಿಡಿ ಬೆಲೆ ಕೊಡ್ತಿಲ್ಲ. ನನ್ನ ಲಿಸ್ಟ್ ಕಾಪಿ ಮಾಡಬೇಡಿ, ಇವತ್ತಿನ ರೇಟ್ ನೋಡಿ. ಕಾಪಿ ಮಾಡೋದಾದ್ರೆ ನಾನು ತಡವಾಗಿ ಕಲಿತ ಕ್ರಮ ಕಾಪಿ ಮಾಡಿ.

ಮೊದಲು ಏನು ಆಡ್ತಾನೆ, ಏನು ಓದ್ತಾನೆ ಕೇಳಿ. ಆಮೇಲೆ ಬಜೆಟ್ ಕೇಳಿ, ಅದರೊಳಗೆ ಮಾನಿಟರ್, ಯುಪಿಎಸ್ ಎಲ್ಲ ಬರಬೇಕಾ ಅಂತ ಬಾಯಿಬಿಟ್ಟು ಕೇಳಿ. ಆ ದುಡ್ಡು ಎಲ್ಲಿಂದ ಬರ್ತಿದೆ ಅಂತ ಗೊತ್ತಿದ್ರೆ ಇನ್ನೂ ಒಳ್ಳೇದು. ಪಿಸಿ ಎಲ್ಲಿರುತ್ತೆ, ಅಲ್ಲಿ ಕರೆಂಟ್ ಹೇಗೆ ಅಂತ ಕೇಳಿ. ಉಳಿತಾಯ ಲೈಟಲ್ಲಿ, ಗಾಜಲ್ಲಿ ಮಾಡಿ, ಎಸ್‌ಎಂಪಿಎಸ್‌ನಲ್ಲಿ ಬೇಡ. 80 ಪ್ಲಸ್ ಬ್ರಾಂಝ್ ಅನ್ನೋದು ದಕ್ಷತೆಯ ಗುರುತು ಅಷ್ಟೇ. ಓವರ್‌ಲೋಡ್, ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್ ಇದೆಯಾ, ವಾರಂಟಿ ಎಷ್ಟು ವರ್ಷ ಅನ್ನೋದನ್ನೂ ನೋಡಿ. 6600 ಕಾರ್ಡ್ ತಗೊಳ್ಳೋ ಕರೆಂಟ್ 132 ವ್ಯಾಟ್, 5600ಜಿಯ ಟಿಡಿಪಿ 65. ನಾವು 550 ತಗೊಂಡಿದ್ದು ನಾಳೆ ಕಾರ್ಡ್ ಬಂದಾಗ ಅದನ್ನು ಬದಲಾಯಿಸೋದು ಬೇಡ ಅಂತ.

ಜೋಡಿಸಿ ಕೊಟ್ಟ ಮೇಲೆ ಅರ್ಧ ಗಂಟೆ ಜೊತೆಗಿರಿ. ನಮ್ಮ ಪಿಸಿ ಆನ್ ಆದಾಗ 3200ರ ರ್ಯಾಮ್ 2400ರಲ್ಲಿ ಓಡ್ತಿತ್ತು, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಬೇಕಾಯ್ತು. ಮಾನಿಟರ್ ಕೂಡ ವಿಂಡೋಸ್‌ನಲ್ಲಿ 60 ಹರ್ಟ್ಸ್‌ಗೆ ಸೆಟ್ ಆಗಿತ್ತು. ವ್ಯಾಲೊರಂಟ್ ವಿಂಡೋಸ್ 11ರಲ್ಲಿ ಓಡಬೇಕಂದ್ರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎರಡೂ ಆನ್ ಇರಬೇಕು. ಇವನ್ನು ಹೇಳಿಕೊಡದೆ ಬಂದ್ರೆ ದುಡ್ಡು ಕೊಟ್ಟಿದ್ದು ಅವನ ಕೈಗೆ ಪೂರ್ತಿ ಸಿಕ್ಕಿಲ್ಲ ಅಂತಲೇ ಅರ್ಥ.

ಅವನ ಮದರ್‌ಬೋರ್ಡಿನ ಕಾರ್ಡ್ ಸ್ಲಾಟ್ ಇವತ್ತಿಗೂ ಖಾಲಿ ಇದೆ. ಇಂಟರ್ನ್‌ಶಿಪ್ ಸ್ಟೈಪೆಂಡ್ ಬಂದ್ಮೇಲೆ ನೋಡ್ತಾನಂತೆ. ಹೋದ ವಾರ "6600 ಬೇಡ ಅನ್ಸುತ್ತೆ ಮಗಾ, ಆ ಹೊತ್ತಿಗೆ ಸೆಕೆಂಡ್ ಹ್ಯಾಂಡಲ್ಲಿ ಇನ್ನೂ ಒಳ್ಳೇದು ಸಿಗಬಹುದು" ಅಂತ ನನ್ನ ಜೊತೆ ವಾದಕ್ಕೆ ಕೂತ. ಸೆಕೆಂಡ್ ಹ್ಯಾಂಡ್ ಕಾರ್ಡ್ ವಿಷಯದಲ್ಲಿ ನನಗೆ ಅವನ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಆದ್ರೆ ಈಗ ಅವನಿಗೆ ಬೇಡ ಅನ್ನೋಕೆ ಪದಗಳಿವೆ. ಆಗಸ್ಟ್‌ನಲ್ಲಿ ಆ ಶೀಟ್ ನೋಡಿ ಸುಮ್ಮನೆ ಸರಿ ಅಂದವನು ಇವನೇ.

ಮುಂದಿನ ಸಲ ಯಾರಾದ್ರೂ ನಿಮ್ಮ ಹತ್ರ ಬಂದು ಲಿಸ್ಟ್ ಮಾಡ್ಕೊಡು ಅಂದ್ರೆ, ಮೊದಲು ಕ್ಯಾಂಟೀನ್‌ಗೆ ಕರ್ಕೊಂಡು ಹೋಗಿ ಟೀ ಕುಡಿಸಿ, ಅವನು ಹೇಳೋದನ್ನ ಕೇಳಿ. ಎಕ್ಸೆಲ್ ಶೀಟ್ ಆಮೇಲೆ ತೆಗೆದ್ರಾಯ್ತು.