ಹಂಚಿಗೆ ಹೆಸರುಂಟು, ಕಪಾಟಿಗೆ?

ಕಳೆದ ರಜೆಯಲ್ಲಿ ಅಜ್ಜಿ ಮನೆಯ ಹಳೇ ಡ್ರಾಯರ್ ಕಪಾಟಿನ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದೆ. "ಚಿಪ್ಪೆಂಡೇಲ್, ಇಂಗ್ಲೆಂಡ್" ಅಂತ ಬಂತು. ಫ್ಯಾಮಿಲಿ ಗ್ರೂಪಿನಲ್ಲಿ ಎಲ್ಲರೂ ಆಗಲೇ ರೇಟ್ ಲೆಕ್ಕ ಹಾಕತೊಡಗಿದರು. ಅಜ್ಜಿ ಮಾತ್ರ, "ಎಂತ ಪೆಂಡಾಲೋ! ಅದು ನಮ್ಮ ಆಚಾರಿ ಮಾಡಿದ್ದು ಮಾರಾಯ" ಅಂದರು.

ಯಾರು ಸರಿ? ಡ್ರಾಯರ್ ಎಳೆದು ಮಗುಚಿ ನೋಡಿದೆ. ಹೊರಗೆ ಬೀಟೆ, ಒಳಗೆ ಹಲಸಿನ ಹಲಗೆ. ಇಂಗ್ಲೆಂಡಿನ ಬಡಗಿ ಕಾಣದ ಭಾಗಕ್ಕೆ ಓಕ್ ಅಥವಾ ಪೈನ್ ಹಾಕುತ್ತಿದ್ದ. ಹಲಸು ಅವನಿಗೆ ಎಲ್ಲಿಂದ ಸಿಗಬೇಕು? ಮೂಲೆಯ ಡವ್‌ಟೇಲ್ ಜಾಯಿಂಟುಗಳೂ ಒಂದರಂತೆ ಒಂದಿಲ್ಲ. ಮೆಷಿನ್ ಅಲ್ಲ, ಕೈಕೆಲಸ. ಅಜ್ಜಿಯೇ ಗೆದ್ದರು.

ಅಷ್ಟಕ್ಕೂ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಅದನ್ನು ಬೇರೆ ಬಡಗಿಗಳೂ ಕೊಂಡು ನಕಲು ಮಾಡಿದರು. ಹಾಗಾಗಿ ಇಂಗ್ಲೆಂಡಿನಲ್ಲೇ ಡಿಸೈನ್ ನೋಡಿ "ಇದು ಅವನದ್ದೇ" ಅನ್ನಲಿಕ್ಕೆ ಆಗುವುದಿಲ್ಲ. ಹೇರ್‌ವುಡ್ ಹೌಸ್‌ನಂಥ ಬಂಗಲೆಗಳಲ್ಲಿ ಹಳೆಯ ಬಿಲ್ಲು, ಲೆಕ್ಕಪತ್ರ ತಾಳೆ ನೋಡಿ ಹೇಳುತ್ತಾರೆ. ದಾಖಲೆ ಇದ್ದರೆ ಒಂದು ಮಾತು, ಬರೀ ಹೋಲಿಕೆ ಇದ್ದರೆ "ಆ ಶೈಲಿಯದ್ದು" ಎಂಬ ಇನ್ನೊಂದು ಮಾತು. ಲ್ಯಾಬ್ ರೆಕಾರ್ಡಿನಲ್ಲಿ ಅಳತೆಯನ್ನೂ ಅಂದಾಜನ್ನೂ ಬೇರೆ ಬೇರೆ ಬರೆದ ಹಾಗೆ.

ಅದೇ ಮನೆಯ ಮಾಡಿನ ಹಂಚು ನೋಡಿ: ಬಾಸೆಲ್ ಮಿಷನ್, 1865 ಅಂತ ಅಚ್ಚು ಉಂಟು. ಅದು ಜೆಪ್ಪುವಿನ ಕಾರ್ಖಾನೆ ಶುರುವಾದ ವರ್ಷ. ಆ ಹಂಚನ್ನು ಸುಟ್ಟ ವರ್ಷವೇ ಆಗಬೇಕೆಂದಿಲ್ಲ. ಅಂದರೆ ಹೆಸರು ಇದ್ದರೂ ಜಾಗ್ರತೆ ಬೇಕು. ಆದರೂ ಕಂಪನಿಯ ಹೆಸರಾದರೂ ಉಳಿಯಿತು. ಸೋಮನಾಥಪುರದ ಶಿಲ್ಪಿ ಮಲ್ಲಿತಮ್ಮ 13ನೇ ಶತಮಾನದಲ್ಲೇ ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಟ್ಟ. ನಮ್ಮ ಆಚಾರಿಗೆ ಅದೂ ಸಿಗಲಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ಚಂದದ ವಸ್ತು ಕಂಡ ಕೂಡಲೇ ನಾವು "ಫಾರಿನ್" ಅನ್ನುತ್ತೇವೆ. ತಪ್ಪು ಹೆಸರು ಹಚ್ಚಿದಾಗ ಸರಿಯಾದವನ ಹೆಸರು ಹುಡುಕುವುದೇ ನಿಂತುಹೋಗುತ್ತದೆ. ಕೋಡ್ ಯಾರು ಬರೆದದ್ದು ಅಂತ ಗಿಟ್‌ನಲ್ಲಿ ಲೈನ್ ಲೈನ್ ಹುಡುಕುವ ನಾವು, ಮನೆಯ ಕಪಾಟು ಮಾಡಿದವನನ್ನು ಒಮ್ಮೆಯೂ ಕೇಳಿಲ್ಲ. ಮಂಗಳೂರಿನಲ್ಲಿ ಹಳೇ ಮನೆ ಬಿದ್ದು ಫ್ಲ್ಯಾಟ್ ಏಳುವಾಗ ಸಾಮಾನು ಮಾರಿಹೋಗುತ್ತದೆ. ಗೊತ್ತಿದ್ದ ಹಿರಿಯರೂ ಇರುವುದಿಲ್ಲ.

ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಡ್ರಾಯರ್ ಹೊರಗೆಳೆದು ಅಡಿಭಾಗದ ಫೋಟೋ ತೆಗೆಯಿರಿ. ಮಾಡಿದ್ದು ಯಾರು, ಯಾವ ಮರ, ಯಾವಾಗ ಅಂತ ಕೇಳಿ. ಹೇಳಿದವರ ಹೆಸರು, ತಾರೀಕು ಸೇರಿಸಿ ಚೀಟಿ ಬರೆದು ಒಳಗೆ ಅಂಟಿಸಿ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ.

ನಾನೂ ಅಂಟಿಸಿದೆ. ಹೆಸರಿನ ಜಾಗ ಖಾಲಿ ಉಂಟು. "ಎಲ್ಲರೂ ಆಚಾರಿ ಅಂತಲೇ ಕರೆಯುತ್ತಿದ್ದದ್ದು, ಹೆಸರು ಯಾರು ಕೇಳಿದ್ದು?" ಅಂದರು ಅಜ್ಜಿ.